ಕುಮ್ರಾ ಎಂಬ ಪದದ ಮಾನಾಪಮಾನಗಳು

ದೇವರ ಸೇವೆಗೆ ನಿಂತವನನ್ನು ಯಾವ ಹೆಸರಿನಿಂದ ಕರೆಯಬೇಕೆಂಬುದು ಮೇಲುನೋಟಕ್ಕೆ ಕೇವಲ ಭಾಷೆಗೆ ಸಂಬಂಧಿಸಿದ ವಿಷಯವೆನಿಸುತ್ತದೆ. ಆದರೆ ಅರ್ಚಕರು, ಪೂಜಾರಿ, ಪುರೋಹಿತರು, ತಮ್ಮಡಿ ಎಂಬ ಪದಗಳನ್ನು ನಾವು ಒಂದೇ ಬಾಯಿಯಿಂದ ಆಡಿದರೂ ಒಂದೇ ತೂಕದಿಂದ ಆಡುವುದಿಲ್ಲ. ಒಂದರ ಮುಂದೆ ಬಹುವಚನ ತಾನಾಗಿ ಬರುತ್ತದೆ, ಇನ್ನೊಂದರ ಮುಂದೆ ಏಕವಚನ ಸಾಕೆನಿಸುತ್ತದೆ. ಈ ತಾರತಮ್ಯವು ಪದದ ಧಾತುವಿನಲ್ಲಿಲ್ಲ, ಆಡುವವರ ನಿಲುವಿನಲ್ಲಿದೆ. ಪಶ್ಚಿಮ ಏಷ್ಯದ ಪ್ರಾಚೀನ ಭಾಷೆಯಾದ ಅರಾಮಿಕ್‌ನಲ್ಲಿ ‘ಕುಮ್ರಾ’ ಎಂಬೊಂದು ಪದವಿದೆ. ಅದರ ಅರ್ಥ ದೇವಸೇವಕ, ಪೂಜಾಕಾರ್ಯದ ಅಧಿಕಾರಿ. ಸುಮಾರು ನಾಲ್ಕು ಸಾವಿರ ವರ್ಷಗಳ ಅವಧಿಯಲ್ಲಿ ಈ ಒಂದು ಪದವು ಕಂಡ ಏರಿಳಿತಗಳನ್ನು ನೋಡಿದರೆ, ಮತಗಳ ನಡುವಣ ಕಲಹವು ಶಬ್ದಕೋಶದೊಳಗೆ ಹೇಗೆ ನುಗ್ಗುತ್ತದೆಂಬುದು ವಿದಿತವಾಗುತ್ತದೆ.

ಅರಾಮಿಕ್ ಭಾಷೆಯು ಮೂಲತಃ ಸಿರಿಯ ದೇಶದ ಅರಾಮ್ಯರದು. ಪಾರಸಿಕ ಚಕ್ರವರ್ತಿಗಳು ಅದನ್ನು ತಮ್ಮ ರಾಜ್ಯಾಡಳಿತದ ಭಾಷೆಯನ್ನಾಗಿ ಮಾಡಿಕೊಂಡುದರಿಂದ ನೈಲ್ ನದಿಯಿಂದ ಸಿಂಧೂ ನದಿಯವರೆಗೆ ಅದರ ಬಳಕೆ ಹಬ್ಬಿತು. ತಕ್ಷಶಿಲೆಯಲ್ಲಿಯೂ ಕಂದಹಾರದಲ್ಲಿಯೂ ಅಶೋಕನ ಕಾಲದ ಅರಾಮಿಕ್ ಶಾಸನಗಳು ದೊರೆತಿವೆ. ಖರೋಷ್ಠೀ ಲಿಪಿಯು ಅರಾಮಿಕ್ ಲಿಪಿಯಿಂದಲೇ ಹುಟ್ಟಿದುದು. ನಮ್ಮ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಅಶೋಕ ಶಾಸನದ ಕೊನೆಯಲ್ಲಿ ಚಪಡನೆಂಬ ಲಿಪಿಕಾರನು ತನ್ನ ವೃತ್ತಿಯನ್ನು ಸೂಚಿಸುವ ಪದವನ್ನು ಆ ಖರೋಷ್ಠಿಯಲ್ಲಿಯೇ ಕೊರೆದಿದ್ದಾನೆ. ಆದುದರಿಂದ ನಮಗೆ ಈ ಭಾಷೆಯ ನೆರಳು ತೀರ ಅಪರಿಚಿತವೆನ್ನುವಂತಿಲ್ಲ.

ಅರಾಮಿಕ್ ಬರವಣಿಗೆಯಲ್ಲಿ ವ್ಯಂಜನಗಳಿಗೇ ಪ್ರಾಧಾನ್ಯ. ಕ, ಮ, ರ ಎಂಬ ಮೂರು ಅಕ್ಷರಗಳು ನಮ್ಮ ಪದದ ಅಸ್ಥಿಪಂಜರ. ಏಕವಚನ ಕುಮ್ರಾ, ಬಹುವಚನ ‘ಕುಮ್ರಯ್ಯಾ’. ಈ ಬಹುವಚನವನ್ನು ಕೇಳಿದ ಕನ್ನಡಿಗರಿಗೆ ನಮ್ಮ ಅಯ್ಯನ ನೆನಪು ಬಂದರೆ ಆಶ್ಚರ್ಯವಿಲ್ಲ. ಆದರೆ ಅದು ಕೇವಲ ಕಿವಿಯ ಭ್ರಮೆ. ಹಾಗೆಯೇ ಸಂಸ್ಕೃತದ ಕುಮಾರನಿಗೂ, ಮೃತ ಸಮುದ್ರದ ತೀರದಲ್ಲಿ ಪುರಾತನ ಸುರುಳಿಗಳು ದೊರೆತ ಕುಮ್ರಾನ್ ಎಂಬ ಸ್ಥಳಕ್ಕೂ ಈ ಪದಕ್ಕೂ ಯಾವ ನಂಟೂ ಇಲ್ಲ. ಪದದ ವ್ಯುತ್ಪತ್ತಿಯ ವಿಷಯದಲ್ಲಿ ಪಂಡಿತರು ಹಲವು ಊಹೆಗಳನ್ನು ಮಾಡಿದ್ದಾರೆ. ಕಪ್ಪಾಗುವುದೆಂಬ ಅರ್ಥದ ಧಾತುವಿನಿಂದ ಬಂದುದೆಂದೂ, ಆದುದರಿಂದ ಕುಮ್ರಾ ಎಂದರೆ ಕಪ್ಪು ಬಟ್ಟೆ ಉಟ್ಟವನೆಂದೂ ಕೆಲವರು ಹೇಳಿದರು. ಶೋಕಿಸು ಎಂಬ ಧಾತುವಿನಿಂದ ಬಂದುದರಿಂದ ಅವನು ವಿರಕ್ತನೆಂದು ಮತ್ತೆ ಕೆಲವರು. ಯೂಫ್ರಟೀಸ್ ತೀರದ ಡ್ಯೂರಾ ಪಟ್ಟಣದ ದೇವಾಲಯವೊಂದರ ಭಿತ್ತಿಚಿತ್ರದಲ್ಲಿ ಪೂಜಕರು ಬಿಳಿಯ ನಿಲುವಂಗಿ ತೊಟ್ಟು, ಬಿಳಿಯ ಎತ್ತರದ ಟೊಪ್ಪಿಗೆ ಧರಿಸಿ, ಬರಿಗಾಲಿನಲ್ಲಿ ನಿಂತಿರುವುದನ್ನು ಕಂಡವರಿಗೆ ಕಪ್ಪು ಬಟ್ಟೆಯ ವಾದವು ರುಚಿಸಲಾರದು. ಪದವು ಈ ಊಹೆಗಳಿಗಿಂತ ಬಹಳ ಹಳೆಯದು. ತುರ್ಕಿ ದೇಶದ ಕ್ಯುಲ್ಟೆಪೆ ಎಂಬಲ್ಲಿ ದೊರೆತ, ಕ್ರಿ.ಪೂ. ೧೯ನೆಯ ಶತಮಾನದ ಸುಮಾರಿನ ಅಸ್ಸೀರಿಯ ವರ್ತಕರ ಮಣ್ಣಿನ ಫಲಕಗಳಲ್ಲಿಯೇ ‘ಕುಮ್ರುಮ್’ ಎಂಬ ರೂಪದಲ್ಲಿ ಅದು ಕಾಣಿಸಿಕೊಳ್ಳುತ್ತದೆ. ಸ್ತ್ರೀಯರಿಗೂ ಈ ಪದವಿಯಿತ್ತು. ಕ್ರಿ.ಪೂ. ೭ನೆಯ ಶತಮಾನದ ಅಸ್ಸೀರಿಯದ ಅರಸರ ದಾಖಲೆಗಳು ಅರಬ್ಬರ ರಾಣಿಯೊಬ್ಬಳನ್ನು ‘ಕುಮಿರ್ತು’ ಎಂದು ಕರೆಯುತ್ತವೆ.

ಆ ಕಾಲದಲ್ಲಿ ಪದಕ್ಕಿದ್ದ ಗೌರವವನ್ನು ತಿಳಿಯಬೇಕಾದರೆ ಅಲೆಪ್ಪೊ ನಗರದ ಸಮೀಪದ ನೇರಬ್ ಗ್ರಾಮದಲ್ಲಿ ೧೮೯೧ರಲ್ಲಿ ದೊರೆತ ಎರಡು ಶಿಲಾಫಲಕಗಳನ್ನು ನೋಡಬೇಕು. ಅವು ಈಗ ಪ್ಯಾರಿಸಿನ ಲೂವ್ರ್ ವಸ್ತುಸಂಗ್ರಹಾಲಯದಲ್ಲಿವೆ. ಸುಮಾರು ೨೭೦೦ ವರ್ಷಗಳ ಹಿಂದಿನವು. ನಿಧನರಾದ ಇಬ್ಬರು ಕುಮ್ರಾಗಳ ಸಮಾಧಿ ಶಿಲೆಗಳು ಇವು. ಇಬ್ಬರೂ ಸಹರ್ ಎಂಬ ಚಂದ್ರದೇವನ ಸೇವಕರು. ಅವರಲ್ಲಿ ಸಿಗಬ್ಬರ್ ಎಂಬಾತನ ಶಾಸನವು ಓದುಗನ ಮನಸ್ಸನ್ನು ಕಲಕುವಂತಹುದು. ತಾನು ಸನ್ಮಾರ್ಗದಲ್ಲಿ ನಡೆದುದರಿಂದ ದೇವರು ತನಗೆ ಒಳ್ಳೆಯ ಹೆಸರನ್ನೂ ದೀರ್ಘಾಯುಷ್ಯವನ್ನೂ ಕೊಟ್ಟನೆಂದೂ, ಸಾಯುವ ದಿನದವರೆಗೆ ತನ್ನ ಮಾತು ನಿಲ್ಲಲಿಲ್ಲವೆಂದೂ, ನಾಲ್ಕನೆಯ ತಲೆಮಾರಿನ ಮಕ್ಕಳನ್ನು ಕಣ್ಣಾರೆ ಕಂಡೆನೆಂದೂ ಅವನು ಹೇಳಿಕೊಳ್ಳುತ್ತಾನೆ. ಮುಂದುವರಿದು, ತನ್ನೊಡನೆ ಬೆಳ್ಳಿಯ ಪಾತ್ರೆಯನ್ನಾಗಲಿ ಕಂಚಿನ ಪಾತ್ರೆಯನ್ನಾಗಲಿ ಹೂಳಲಿಲ್ಲವೆಂದೂ, ಆದುದರಿಂದ ತನ್ನ ಗೋರಿಯನ್ನು ಯಾರೂ ಕೆದಕಬೇಕಾಗಿಲ್ಲವೆಂದೂ ಕಳ್ಳರಿಗೆ ಮೊದಲೇ ತಿಳಿಸಿಬಿಡುತ್ತಾನೆ. ವೃದ್ಧನ ವ್ಯವಹಾರಜ್ಞಾನ ಮೆಚ್ಚತಕ್ಕದ್ದು. ನಮಗೆ ಇಲ್ಲಿ ಮುಖ್ಯವಾದ ಸಂಗತಿ ಇನ್ನೊಂದಿದೆ. ಈ ಇಬ್ಬರೂ ತಮ್ಮ ಹೆಸರನ್ನೂ ದೇವರ ಹೆಸರನ್ನೂ ಊರಿನ ಹೆಸರನ್ನೂ ಹೇಳುತ್ತಾರೆ. ತಂದೆಯ ಹೆಸರನ್ನು ಹೇಳುವುದಿಲ್ಲ. ಇಂತಹವರ ಮಗನೆಂಬುದಕ್ಕಿಂತ ಇಂತಹ ದೇವರ ಕುಮ್ರಾ ಎಂಬುದೇ ಅವರಿಗೆ ಸಾಕಾದ ಪರಿಚಯ.

ಇದನ್ನು ಆಧಾರ ಮಾಡಿಕೊಂಡು ಕುಮ್ರಾ ಪದವಿಯು ವಂಶಪಾರಂಪರ್ಯವಲ್ಲದುದೆಂದು ಹೇಳಿಬಿಡುವ ಆತುರ ಸಲ್ಲದು. ಅರಬ್ಬಸ್ಥಾನದ ವಾಯವ್ಯ ಭಾಗದ ತೈಮಾ ಎಂಬ ಓಯಸಿಸ್‌ನಲ್ಲಿ ದೊರೆತ, ಕ್ರಿ.ಪೂ. ೫ನೆಯ ಶತಮಾನದ ಸುಮಾರಿನ ಇನ್ನೊಂದು ಶಾಸನವು ಇದಕ್ಕೆ ನೇರವಾದ ಪ್ರತ್ಯುತ್ತರ. ಪೆಟೊಸಿರಿಯ ಮಗನಾದ ಸಲ್ಮ್‌ಶೇಜಿಬ್ ಎಂಬಾತನು ಸಲ್ಮ್ ದೇವರ ಹೊಸ ಪ್ರತಿಷ್ಠೆಯನ್ನು ಮಾಡಿಸಿದುದನ್ನು ಅದು ದಾಖಲಿಸುತ್ತದೆ. ದೇವಾಲಯದ ನಿರ್ವಹಣೆಗಾಗಿ ವರ್ಷಕ್ಕೆ ಹೊಲದಿಂದ ೧೬ ಖರ್ಜೂರದ ಮರಗಳು, ರಾಜನ ಭಂಡಾರದ ಸ್ವತ್ತಿನಿಂದ ೫ ಮರಗಳು, ಒಟ್ಟು ೨೧ ಮರಗಳು ಎಂದು ದತ್ತಿಯ ಲೆಕ್ಕವನ್ನು ಕೊಡುತ್ತದೆ. ಈ ಆಲಯದಲ್ಲಿ ಸಲ್ಮ್‌ಶೇಜಿಬ್ ಮತ್ತು ಅವನ ಸಂತತಿಯೇ ಎಂದೆಂದಿಗೂ ಪೂಜೆಯ ಅಧಿಕಾರಿಗಳೆಂದು ವಿಧಿಸುತ್ತದೆ. ಶಾಸನವನ್ನು ಕೆಡಿಸಿದವನನ್ನೂ ಅವನ ಸಂತಾನವನ್ನೂ ದೇವತೆಗಳು ಕಿತ್ತೊಗೆಯಲಿ ಎಂಬ ಶಾಪವೂ ಇದೆ. ಭೂಮಿಯ ಅಳತೆ, ಮರಗಳ ಎಣಿಕೆ, ಸಂತತಿಗೆ ಹಕ್ಕು, ಕೊನೆಗೊಂದು ಶಾಪ—ನಮ್ಮ ದಾನಶಾಸನಗಳನ್ನು ಓದಿದವರಿಗೆ ಇದರಲ್ಲಿ ಹೊಸದೇನೂ ತೋರದು. ಫಲಕದ ಬದಿಯಲ್ಲಿ ಬಲಿಪೀಠದ ಮುಂದೆ ನಿಂತ ಅವನ ಚಿತ್ರವಿದ್ದು, ಅದರ ಜೊತೆಯಲ್ಲಿ ‘ಸಲ್ಮ್‌ಶೇಜಿಬ್, ಕುಮ್ರಾ’ ಎಂದು ಬರೆದಿದೆ. ವಂಶದ ಹಕ್ಕು ಕುಮ್ರಾಗೂ ಇದ್ದಿತೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಹೀಗೆ ಗೌರವದಿಂದ ಬಾಳುತ್ತಿದ್ದ ಪದವು ಬೈಗುಳದ ಕಡೆಗೆ ವಾಲಿದುದು ಹೇಗೆ? ಈ ಪ್ರಶ್ನೆಗೆ ಉತ್ತರವನ್ನು ಈಜಿಪ್ಟಿನ ದಕ್ಷಿಣ ಗಡಿಯಲ್ಲಿ, ನೈಲ್ ನದಿಯ ನಡುವಣ ಎಲಿಫೆಂಟೈನ್ ದ್ವೀಪದಲ್ಲಿ ದೊರೆತ ಒಂದು ಪತ್ರವು ಕಣ್ಣಿಗೆ ಕಟ್ಟುವಂತೆ ತೋರಿಸುತ್ತದೆ. ಅಲ್ಲಿ ಪಾರಸಿಕ ಚಕ್ರವರ್ತಿಯ ಸೈನ್ಯದ ಒಂದು ಠಾಣೆಯಿತ್ತು. ಆ ಠಾಣೆಯಲ್ಲಿ ಯೆಹೂದ್ಯ ಸೈನಿಕರ ಕುಟುಂಬಗಳು ತಲೆಮಾರುಗಳಿಂದ ನೆಲಸಿದ್ದವು. ಅವರು ಅಲ್ಲಿ ತಮ್ಮ ದೇವರಿಗೆ ಒಂದು ಆಲಯವನ್ನು ಕಟ್ಟಿಕೊಂಡಿದ್ದರು. ಅದರ ಪಕ್ಕದಲ್ಲಿಯೇ ಟಗರಿನ ತಲೆಯುಳ್ಳ ಖ್ನೂಮ್ ದೇವರ ಈಜಿಪ್ಟ್ ಆಲಯವೂ ಇದ್ದಿತು. ೧೯೦೬ರಿಂದ ೧೯೦೮ರವರೆಗೆ ಜರ್ಮನಿಯ ವಿದ್ವಾಂಸರು ನಡೆಸಿದ ಉತ್ಖನನದಲ್ಲಿ ಪಪೈರಸ್ ಹಾಳೆಯ ಮೇಲಿನ ಅನೇಕ ಅರಾಮಿಕ್ ಕಾಗದಗಳು ಹೊರಬಿದ್ದವು. ಅವುಗಳಲ್ಲಿ ಕ್ರಿ.ಪೂ. ೪೦೭ರ ನವೆಂಬರ್ ತಿಂಗಳ ಬಿನ್ನವತ್ತಳೆಯೊಂದು ಅತ್ಯಂತ ಪ್ರಸಿದ್ಧವಾಗಿದೆ. ಯೆದನ್ಯ ಎಂಬ ಮುಖಂಡನೂ ಅವನ ಜೊತೆಗಾರರೂ ಯೆಹೂದದ ರಾಜ್ಯಪಾಲನಾದ ಬಗೋಹಿಗೆ ಬರೆದ ಬಿನ್ನಹವದು.

ಸಾರಾಂಶವಿಷ್ಟು. ಕ್ರಿ.ಪೂ. ೪೧೦ರಲ್ಲಿ ಈಜಿಪ್ಟಿನ ಪಾರಸಿಕ ಮಹಾಧಿಕಾರಿಯಾದ ಅರ್ಶಾಮನು ಚಕ್ರವರ್ತಿಯ ಬಳಿಗೆ ಹೋಗಿದ್ದ ಸಮಯವನ್ನು ನೋಡಿಕೊಂಡು ಖ್ನೂಮ್ ದೇವರ ಪೂಜಕರು ಸ್ಥಳೀಯ ಅಧಿಕಾರಿಯಾದ ವಿದ್ರಂಗನೊಡನೆ ಸೇರಿ ಒಳಸಂಚು ಮಾಡಿದರು. ವಿದ್ರಂಗನು ದಂಡಿನ ನಾಯಕನಾಗಿದ್ದ ತನ್ನ ಮಗನಿಗೆ ಪತ್ರ ಬರೆದನು. ಸೈನಿಕರು ಬಂದು ಆಲಯವನ್ನು ನೆಲಸಮ ಮಾಡಿದರು. ಶಿಲಾಸ್ತಂಭಗಳನ್ನು ಒಡೆದರು, ಐದು ಕಲ್ಲಿನ ಹೆಬ್ಬಾಗಿಲುಗಳನ್ನು ಕೆಡವಿದರು, ದೇವದಾರು ಮರದ ಮಾಡನ್ನು ಸುಟ್ಟರು, ಚಿನ್ನ ಬೆಳ್ಳಿಯ ಬೋಗುಣಿಗಳನ್ನು ಕೊಂಡೊಯ್ದರು. ಅಂದಿನಿಂದ ತಾವು ಗೋಣಿತಟ್ಟನ್ನು ಉಟ್ಟು ಉಪವಾಸವಿದ್ದೇವೆ, ತಲೆಗೆ ಎಣ್ಣೆ ಹಚ್ಚಿಲ್ಲ, ದ್ರಾಕ್ಷಾರಸ ಕುಡಿದಿಲ್ಲ, ನಮ್ಮ ಹೆಂಡಿರು ವಿಧವೆಯರಂತಾಗಿದ್ದಾರೆ ಎಂದು ಅವರು ತೋಡಿಕೊಳ್ಳುತ್ತಾರೆ. ಯೆರೂಸಲೇಮಿನ ಮಹಾಯಾಜಕನಿಗೂ ಹಿಂದೆಯೇ ಬರೆದಿದ್ದೆವು, ಉತ್ತರವೇ ಬರಲಿಲ್ಲ ಎಂಬ ಕೊರಗೂ ಅದರಲ್ಲಿದೆ.

ಈ ಪತ್ರದ ಪದಪ್ರಯೋಗವನ್ನು ಗಮನಿಸಬೇಕು. ಬರೆದವರು ತಮ್ಮ ಪೂಜಕರನ್ನು ‘ಕಾಹ್ನಾ’ ಎಂಬ ಪದದಿಂದ ಕರೆದುಕೊಳ್ಳುತ್ತಾರೆ. ಇದು ಹೀಬ್ರೂವಿನ ‘ಕೊಹೆನ್’ ಎಂಬುದರ ಸೋದರ ಪದ. ಯೆರೂಸಲೇಮಿನ ಮಹಾಯಾಜಕನೂ ಅವರಿಗೆ ಕಾಹ್ನಾ. ಆದರೆ ಬೆಂಕಿಯಿಟ್ಟ ಖ್ನೂಮ್ ದೇವರ ಪೂಜಕರು ಕುಮ್ರಯ್ಯಾ. ಒಂದೇ ಹಾಳೆ, ಒಂದೇ ಲೇಖನಿ, ಒಂದೇ ವೃತ್ತಿ. ಪದಗಳು ಮಾತ್ರ ಎರಡು. ಪತ್ರದಲ್ಲಿ ಕುಮ್ರಾ ಎಂಬುದನ್ನು ಬೈಗುಳವಾಗಿ ಬಳಸಿಲ್ಲವೆಂಬುದೂ ನಿಜ. ಈಜಿಪ್ಟಿನ ಪೂಜಕರನ್ನು ಸರ್ಕಾರಿ ಅರಾಮಿಕ್‌ನಲ್ಲಿ ಬೇರೆ ಹೇಗೆ ಕರೆಯಬೇಕಾಗಿತ್ತು? ಆದರೆ ‘ನಮ್ಮವರು’ ಎಂಬುದಕ್ಕೊಂದು, ‘ಅವರು’ ಎಂಬುದಕ್ಕೊಂದು ಎಂದು ಭಾಷೆಯು ಒಮ್ಮೆ ಸೀಳಿಕೊಂಡ ಮೇಲೆ, ‘ಅವರ’ ಮೇಲಿನ ಸಿಟ್ಟೆಲ್ಲವೂ ‘ಅವರ’ ಪದದ ಮೇಲೆ ಹರಿಯುವುದು ಅನಿವಾರ್ಯ. ಮುಂದೆ ಆಲಯವನ್ನು ಮತ್ತೆ ಕಟ್ಟಿಕೊಳ್ಳಲು ಅನುಮತಿ ದೊರೆಯಿತು. ನೈವೇದ್ಯವನ್ನೂ ಧೂಪವನ್ನೂ ಅರ್ಪಿಸಬಹುದೆಂದು ಆ ಮರುಜ್ಞಾಪನದಲ್ಲಿದೆ. ಪ್ರಾಣಿಬಲಿಯ ಮಾತೇ ಇಲ್ಲ. ಆ ಮೌನದ ಹಿಂದೆ ಯಾರ ಒತ್ತಾಯವಿತ್ತೆಂಬುದನ್ನು ವಾಚಕರೇ ಊಹಿಸಬಹುದು.

ಹೀಬ್ರೂ ಧರ್ಮಗ್ರಂಥದಲ್ಲಿ ಈ ಸೀಳು ಇನ್ನೂ ಕಠೋರವಾಗಿದೆ. ಅಲ್ಲಿ ‘ಕೆಮಾರಿಮ್’ ಎಂಬ ಬಹುವಚನ ರೂಪದಲ್ಲಿ ನಮ್ಮ ಪದವು ಬರುವುದು ಮೂರೇ ಕಡೆ: ಅರಸುಗಳ ಎರಡನೆಯ ಪುಸ್ತಕದಲ್ಲಿ, ಹೋಶೇಯನಲ್ಲಿ, ಚೆಫನ್ಯನಲ್ಲಿ. ಮೂರು ಕಡೆಯೂ ಖಂಡನೆಯ ಸಂದರ್ಭವೇ. ಕ್ರಿ.ಪೂ. ೬೨೨ರ ಸುಮಾರಿನಲ್ಲಿ ಯೆಹೂದದ ಅರಸನಾದ ಯೋಷೀಯನು ಪೂಜಾಪದ್ಧತಿಯನ್ನು ಶುದ್ಧಿಗೊಳಿಸಿದಾಗ, ಹಿಂದಿನ ಅರಸರು ಬೆಟ್ಟಗುಡ್ಡಗಳ ಪೂಜಾಸ್ಥಳಗಳಲ್ಲಿ ಧೂಪ ಹಾಕಲು ನೇಮಿಸಿದ್ದ ಕೆಮಾರಿಮರನ್ನು ತೆಗೆದುಹಾಕಿದನೆಂದು ಅಲ್ಲಿದೆ. ಆದರೆ ಕೆಲವೇ ವಾಕ್ಯಗಳ ಮುಂದೆ ಇನ್ನೊಂದು ಮಾತಿದೆ. ಅದೇ ಸ್ಥಳಗಳಲ್ಲಿ ಧೂಪ ಹಾಕುತ್ತಿದ್ದ ಕೊಹೆನ್ ಕುಲದವರನ್ನು ಅವನು ಊರುಗಳಿಂದ ಕರೆತಂದನು. ಅವರಿಗೆ ಬಲಿಪೀಠದ ಸೇವೆ ತಪ್ಪಿತಾದರೂ ಬಂಧುಗಳ ನಡುವೆ ಊಟದ ಪಾಲು ತಪ್ಪಲಿಲ್ಲ. ತಪ್ಪು ಒಂದೇ, ಶಿಕ್ಷೆ ಎರಡು. ಅರಸನ ನೇಮಕದಿಂದ ಬಂದವನು ನೇಮಕದೊಡನೆ ಹೋದನು. ಹುಟ್ಟಿನಿಂದ ಬಂದವನನ್ನು ಹುಟ್ಟೇ ಕಾಪಾಡಿತು. ಪದಗಳ ಭೇದವು ಅನ್ನದ ಭೇದವಾಗಿ ಪರಿಣಮಿಸಿದ ಪ್ರಸಂಗವಿದು.

ಕಾಲಾಂತರದಲ್ಲಿ ಯೆಹೂದ್ಯರ ಆಡುಮಾತು ಅರಾಮಿಕ್ ಆಯಿತು. ಧರ್ಮಗ್ರಂಥವನ್ನು ಜನರಿಗೆ ತಿಳಿಯುವಂತೆ ಅರಾಮಿಕ್‌ನಲ್ಲಿ ಹೇಳಬೇಕಾಯಿತು. ಈ ಅನುವಾದಗಳಿಗೆ ತರ್ಗೂಮ್ ಎಂದು ಹೆಸರು. ಮೂಲ ಹೀಬ್ರೂವಿನಲ್ಲಿ ಇಸ್ರಾಯೇಲಿನ ಯಾಜಕನೂ ಕೊಹೆನ್, ಈಜಿಪ್ಟಿನ ಪೂಜಕನೂ ಕೊಹೆನ್. ತರ್ಗೂಮಿನವರು ಇಷ್ಟು ಉದಾರಿಗಳಾಗಲಿಲ್ಲ. ಈಜಿಪ್ಟಿನ ಪೂಜಕರನ್ನು ಅವರು ಕುಮ್ರಯ್ಯಾ ಎಂದು ತಿರುಗಿಸಿದರು. ಆದರೆ ಅವರಿಗೊಂದು ಪೇಚು ಎದುರಾಯಿತು. ಯೋಸೇಫನ ಮಾವನಾದ ಪೋಟೀಫೆರನು ಓನ್ ಪಟ್ಟಣದ ಪೂಜಕ. ಮೋಶೆಯ ಮಾವನಾದ ಇತ್ರೋ ಮಿದ್ಯಾನಿನ ಪೂಜಕ. ನ್ಯಾಯವಾಗಿ ಇಬ್ಬರೂ ಕುಮ್ರಾ ಆಗಬೇಕು. ಮಹಾಪುರುಷರ ಮಾವಂದಿರನ್ನು ಹಾಗೆ ಕರೆಯುವುದಾದರೂ ಹೇಗೆ? ಓಂಕೆಲೋಸನ ತರ್ಗೂಮ್ ಇಬ್ಬರನ್ನೂ ‘ರಬ್ಬಾ’, ಎಂದರೆ ದೊಡ್ಡ ಮನುಷ್ಯ, ಮುಖಂಡ ಎಂದು ಕರೆದು ಕೈತೊಳೆದುಕೊಂಡಿತು. ಅಬ್ರಾಮನನ್ನು ಆಶೀರ್ವದಿಸಿದ ಮೆಲ್ಕೀಚೆದೆಕನಿಗೆ ಯಾವ ಪದವನ್ನೂ ಕೊಡದೆ, ಅವನು ಮಹೋನ್ನತ ದೇವರ ಸನ್ನಿಧಿಯಲ್ಲಿ ಸೇವೆ ಮಾಡುತ್ತಿದ್ದನು ಎಂದಷ್ಟೇ ಹೇಳಿತು. ಅನುವಾದಕರ ಈ ಸಂಕೋಚವು ನಿಘಂಟಿಗಿಂತ ಹೆಚ್ಚಿನದನ್ನು ನಮಗೆ ತಿಳಿಸುತ್ತದೆ.

ಇನ್ನೊಂದು ಉದಾಹರಣೆ ಇದಕ್ಕಿಂತಲೂ ಅರ್ಥಗರ್ಭಿತವಾದುದು. ನ್ಯಾಯಸ್ಥಾಪಕರ ಪುಸ್ತಕದಲ್ಲಿ ಮೀಕನೆಂಬ ಗೃಹಸ್ಥನು ಮನೆಯಲ್ಲಿ ವಿಗ್ರಹವನ್ನಿಟ್ಟುಕೊಂಡು, ಅದರ ಸೇವೆಗೆ ಒಬ್ಬ ಲೇವಿಯನನ್ನು ಸಂಬಳಕ್ಕೆ ಇಟ್ಟುಕೊಂಡ ಕಥೆ ಬರುತ್ತದೆ. ಲೇವಿಯನೆಂದರೆ ಹುಟ್ಟಿನಿಂದ ದೇವಸೇವೆಯ ಕುಲದವನು. ಆದರೂ ತರ್ಗೂಮ್ ಅವನನ್ನು ಕುಮ್ರಾ ಎಂದೇ ಕರೆಯುತ್ತದೆ. ಕುಲವು ಶುದ್ಧವಾಗಿದ್ದರೂ ನಿಂತ ಜಾಗ ಸಲ್ಲದಾದುದರಿಂದ ಪದವು ಬದಲಾಯಿತು. ಆದುದರಿಂದ ಕುಮ್ರಾ ಎಂದರೆ ಕುಲವಿಲ್ಲದ ಪೂಜಕನೆಂಬ ವ್ಯಾಖ್ಯೆ ಇಲ್ಲಿಯೂ ನಿಲ್ಲುವುದಿಲ್ಲ.

ಯೆಹೂದ್ಯರು ಹೀಗೆ ಪದವನ್ನು ಹೊರಗಟ್ಟುತ್ತಿದ್ದ ಶತಮಾನಗಳಲ್ಲಿಯೇ ಸಿರಿಯದ ಮರುಭೂಮಿಯ ಪಾಲ್ಮೈರಾ ನಗರದಲ್ಲಿ ಅದು ವೈಭವದಿಂದ ಮೆರೆಯುತ್ತಿತ್ತು. ಕ್ರಿ.ಶ. ೩೨ರಲ್ಲಿ ಪ್ರತಿಷ್ಠೆಗೊಂಡ ಅಲ್ಲಿಯ ಬೇಲ್ ದೇವಾಲಯದ ಕುಮ್ರಾಗಳು ನಗರದ ಗಣ್ಯರು. ದೇವಾಲಯದ ಔತಣಕ್ಕೆ ಪ್ರವೇಶವನ್ನು ಕೊಡುತ್ತಿದ್ದ ಸುಟ್ಟ ಮಣ್ಣಿನ ಪುಟ್ಟ ಬಿಲ್ಲೆಗಳ ಮೇಲೆ ‘ಬೇಲನ ಕುಮ್ರಾಗಳು’ ಎಂಬ ಬರಹವೂ, ಚಪ್ಪಟೆ ನೆತ್ತಿಯ ಎತ್ತರದ ಟೊಪ್ಪಿಗೆ ಧರಿಸಿ ಒರಗಿ ಕುಳಿತ ಅವರ ಚಿತ್ರವೂ ಕಾಣುತ್ತವೆ. ಆ ದೇವಾಲಯವು ೨೦೧೫ರಲ್ಲಿ ಮತಾಂಧರ ಸಿಡಿಮದ್ದಿಗೆ ತುತ್ತಾಯಿತು.

ಇನ್ನು ಕ್ರೈಸ್ತರ ಕಡೆಗೆ ಬರೋಣ. ಎಡೆಸ್ಸಾ ನಗರದ ಸುತ್ತಿನ ಅರಾಮಿಕ್‌ಗೆ ಸಿರಿಯಾಕ್ ಎಂದು ಹೆಸರು. ಆ ಭಾಷೆಯ ಬೈಬಲಿಗೆ ಪೆಶಿತ್ತಾ ಎಂದು ಹೆಸರು. ಅದರ ಸುವಾರ್ತೆಗಳಲ್ಲಿ ಯೆರೂಸಲೇಮಿನ ಯಾಜಕರು ಕಾಹ್ನಾಗಳು. ಅಪೊಸ್ತಲರ ಕೃತ್ಯಗಳಲ್ಲಿ ಬರುವ ಗ್ರೀಕ್ ದೇವರ ಗುಡಿಯವನು ಕುಮ್ರಾ. ನಮ್ಮಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಕನ್ನಡ ಬೈಬಲೂ ಮೊದಲಿನವನನ್ನು ಯಾಜಕನೆಂದೂ ಎರಡನೆಯವನನ್ನು ಪೂಜಾರಿಯೆಂದೂ ಕರೆಯುತ್ತದೆಂಬುದನ್ನು ಇಲ್ಲಿ ಸ್ಮರಿಸಬಹುದು. ಇಷ್ಟರವರೆಗೆ ಹಳೆಯ ದಾರಿಯೇ. ಆದರೆ ಪೆಶಿತ್ತಾದಲ್ಲಿ ಮೆಲ್ಕೀಚೆದೆಕನೂ ಕುಮ್ರಾ. ಅವನ ಕ್ರಮಕ್ಕೆ ಸೇರಿದವನೆಂದು ಕೀರ್ತನೆಯಲ್ಲಿ ಹೇಳಿಸಿಕೊಂಡವನೂ ಕುಮ್ರಾ. ಕೊನೆಗೆ, ಇಬ್ರಿಯರಿಗೆ ಬರೆದ ಪತ್ರಿಕೆಯಲ್ಲಿ ಯೇಸುವೇ ಕುಮ್ರಾಗಳ ಮುಖ್ಯಸ್ಥ! ಚೆಫನ್ಯನ ಬಾಯಲ್ಲಿ ತಿರಸ್ಕಾರದ ಪದವಾಗಿದ್ದುದು ಇಲ್ಲಿ ಆರಾಧ್ಯನ ಬಿರುದಾಗಿದೆ.

ಇದಕ್ಕೆ ಕೆಲವರು ಕೊಡುವ ವಿವರಣೆ ಆಕರ್ಷಕವಾಗಿದೆ. ಯೇಸು ಯೆಹೂದ ಕುಲದವನು, ಲೇವಿಯ ಕುಲದವನಲ್ಲ. ಮೆಲ್ಕೀಚೆದೆಕನಿಗೆ ವಂಶಾವಳಿಯೇ ಇಲ್ಲ. ಆದುದರಿಂದ ಹುಟ್ಟಿನ ಯಾಜಕತ್ವಕ್ಕೆ ಕಾಹ್ನಾ, ಹುಟ್ಟನ್ನು ಮೀರಿದ ಯಾಜಕತ್ವಕ್ಕೆ ಕುಮ್ರಾ ಎಂಬ ಸೂಕ್ಷ್ಮಭೇದವನ್ನು ಅರಾಮಿಕ್ ಮಾತ್ರವೇ ಉಳಿಸಿಕೊಂಡಿದೆ ಎಂದು ಅವರ ವಾದ. ಹುಟ್ಟಿಗಿಂತ ನಡೆ ದೊಡ್ಡದೆಂದು ನಂಬಿದವರಿಗೆ ಈ ವಾದವು ಪ್ರಿಯವಾಗುವುದು ಸಹಜ. ಪ್ರಿಯವಾದುದೆಲ್ಲವೂ ಪ್ರಮಾಣವಾಗದು. ಅದೇ ಪತ್ರಿಕೆಯ ಏಳನೆಯ ಅಧ್ಯಾಯದಲ್ಲಿ ಲೇವಿಯರ ಯಾಜಕತ್ವವನ್ನು ಕುರಿತು ಮಾತು ಬಂದಾಗ ಸಿರಿಯಾಕ್ ಅನುವಾದಕನು ಬಳಸುವುದು ಕುಮ್ರಾದಿಂದಾದ ‘ಕುಮ್ರೂಥಾ’ ಎಂಬ ಪದವನ್ನೇ. ವಂಶದ ಭೇದವನ್ನು ತೋರಿಸುವುದು ಅವನ ಉದ್ದೇಶವಾಗಿದ್ದರೆ ಅಲ್ಲಿಯೇ, ಆ ವಾಕ್ಯದಲ್ಲಿಯೇ, ಕಾಹ್ನಾ ಎಂಬುದು ಬರಬೇಕಾಗಿತ್ತು. ತೈಮಾದ ಸಲ್ಮ್‌ಶೇಜಿಬನ ಸಂತತಿಯ ಹಕ್ಕನ್ನೂ, ಮೀಕನ ಮನೆಯ ಲೇವಿಯನನ್ನೂ ಇದರೊಡನೆ ಸೇರಿಸಿದರೆ ವಾದವು ಪೂರ್ತಿ ಕುಸಿಯುತ್ತದೆ.

ನಮಗೆ ತೋರುವುದೇನೆಂದರೆ, ಎಡೆಸ್ಸಾದ ಸುತ್ತಿನ ಜನರಿಗೆ ಕುಮ್ರಾ ಎಂಬುದು ದೇವಸೇವಕನಿಗೆ ಮನೆಯ ಮಾತು. ಆರೋನನ ಯಾಜಕತ್ವವು ಏರ್ಪಡುವುದಕ್ಕೆ ಮುಂಚಿನವನಾದ ಮೆಲ್ಕೀಚೆದೆಕನಿಗೆ ಆದಿಕಾಂಡದ ಅನುವಾದಕನು ಸಹಜವಾಗಿ ಆ ಮಾತನ್ನೇ ಕೊಟ್ಟನು. ಅದರಲ್ಲಿ ನಿಂದೆಯೂ ಇರಲಿಲ್ಲ, ಸ್ತುತಿಯೂ ಇರಲಿಲ್ಲ. ಕೀರ್ತನೆಯು ಮೆಲ್ಕೀಚೆದೆಕನನ್ನು ನೆನೆದಾಗ ಅಲ್ಲಿಯೂ ಅದೇ ಪದ ಬಂದಿತು. ಇಬ್ರಿಯರಿಗೆ ಬರೆದ ಪತ್ರಿಕೆಯು ಆ ಕೀರ್ತನೆಯ ಮೇಲೆಯೇ ತನ್ನ ವಾದವನ್ನೆಲ್ಲ ಕಟ್ಟಿರುವುದರಿಂದ, ಪದವು ಕೀರ್ತನೆಯಿಂದ ಇಳಿದು ಪತ್ರಿಕೆಯನ್ನೆಲ್ಲ ವ್ಯಾಪಿಸಿತು. ಭೇದವೆಣಿಸದೆ ಆಡಿದ ಒಂದು ಸರಳ ಮಾತಿನಿಂದ ಪದವು ಮತ್ತೊಮ್ಮೆ ಗೌರವಕ್ಕೇರಿತು. ಇದು ಸೂಕ್ಷ್ಮಭೇದದ ವಾದಕ್ಕಿಂತ ಕಡಮೆ ಸೊಗಸಿನದಾದರೂ ಸಾಕ್ಷ್ಯಕ್ಕೆ ಹೆಚ್ಚು ಹತ್ತಿರವಾದುದು.

ದಿನನಿತ್ಯದ ಬಳಕೆಯಲ್ಲಿ ಸಿರಿಯಾಕ್ ಕ್ರೈಸ್ತರು ತಮ್ಮ ಗುರುಗಳಿಗೆ ಕಾಹ್ನಾ ಎಂದೂ, ಅದಕ್ಕಿಂತ ಹೆಚ್ಚಾಗಿ ‘ಕಶೀಶಾ’ ಎಂದೂ ಹೇಳಿದರು. ಕಶೀಶಾ ಎಂದರೆ ಹಿರಿಯ, ವಯೋವೃದ್ಧ. ಅರಬ್ಬಿಯ ‘ಕಿಸ್ಸೀಸ್’ ಇದರಿಂದಲೇ ಬಂದುದು. ಖುರಾನಿನಲ್ಲಿಯೂ ಆ ಪದವಿದೆ. ಕೇರಳದ ಸಿರಿಯಾಕ್ ಪರಂಪರೆಯ ಸಭೆಗಳಲ್ಲಿ ಕಶೀಶ ಎಂಬ ಬಿರುದು ಇಂದಿಗೂ ಕೇಳಿಬರುತ್ತದೆ. ಅಲ್ಲಿಂದ ವಲಸೆ ಬಂದು ದಕ್ಷಿಣ ಕನ್ನಡದಲ್ಲಿ ನೆಲಸಿದವರಿಗಾಗಿ ೧೯೯೯ರಲ್ಲಿ ಬೆಳ್ತಂಗಡಿಯಲ್ಲಿ ಸಿರೋ-ಮಲಬಾರ್ ಧರ್ಮಪ್ರಾಂತವು ಸ್ಥಾಪಿತವಾಯಿತು. ಅವರ ಪೂಜಾವಿಧಿಯ ಹೆಸರಾದ ‘ಕುರ್ಬಾನ’ ಅರ್ಪಣೆಯೆಂಬ ಅರ್ಥದ ಸಿರಿಯಾಕ್ ಪದವೇ. ಕಾಹ್ನಾ ಎಂಬುದರ ಅರಬ್ಬಿ ಸೋದರನಾದ ‘ಕಾಹಿನ್’ ಮಾತ್ರ ಬೇರೊಂದು ದಾರಿ ಹಿಡಿದು ಕಣಿ ಹೇಳುವವನಾದನು. ಪ್ರವಾದಿಯು ಕಾಹಿನ್ ಅಲ್ಲವೆಂದು ಖುರಾನ್ ಸ್ಪಷ್ಟವಾಗಿ ನಿರಾಕರಿಸುತ್ತದೆ. ಒಂದು ಸಮಾಜದಲ್ಲಿ ಕುಲಗೌರವದ ಪದವಾದುದು ನೆರೆಯ ಸಮಾಜದಲ್ಲಿ ಅಲ್ಲಗಳೆಯಬೇಕಾದ ಆರೋಪವಾಯಿತು.

ಕುಮ್ರಾ ಎಂಬ ಪದವು ಸತ್ತಿಲ್ಲ. ಇಂದಿನ ಹೀಬ್ರೂವಿನಲ್ಲಿ ಅದು ‘ಕೋಮೆರ್’ ಎಂಬ ರೂಪದಲ್ಲಿ ಬಳಕೆಯಲ್ಲಿದೆ. ಅರ್ಥ, ಕ್ರೈಸ್ತ ಪಾದ್ರಿ. ಪತ್ರಿಕೆಗಳಲ್ಲಿ, ಸಂಭಾಷಣೆಯಲ್ಲಿ ಅದು ನಿಂದೆಯಿಲ್ಲದ ಸಾಮಾನ್ಯ ಪದ. ಕೊಹೆನ್ ಎಂಬುದು ಮಾತ್ರ ಈಗಲೂ ಆರೋನನ ವಂಶದವರೆನಿಸಿದ ಯೆಹೂದ್ಯರಿಗೆ ಮೀಸಲು. ಯೆರೂಸಲೇಮಿನ ಹಳೆಯ ಪಟ್ಟಣದಲ್ಲಿ ಸಂತ ಮಾರ್ಕನ ಹೆಸರಿನ ಸಿರಿಯಾಕ್ ಮಠವೊಂದಿದೆ. ಅಲ್ಲಿಯ ಪ್ರಾರ್ಥನೆ ಇಂದಿಗೂ ಸಿರಿಯಾಕ್ ಭಾಷೆಯಲ್ಲಿಯೇ ನಡೆಯುತ್ತದೆ. ಮಠದೊಳಗೆ ಆ ಭಾಷೆಯಲ್ಲಿ ಕಶೀಶಾ ಎನಿಸಿಕೊಂಡ ಗುರುವು ಹೊಸ್ತಿಲು ದಾಟಿ ಓಣಿಗೆ ಬಂದರೆ, ಹೀಬ್ರೂ ಮಾತನಾಡುವ ದಾರಿಹೋಕನಿಗೆ ಅವನು ಕೋಮೆರ್.